ಬೇವು ಕಟ್ಟಿದ ಹನ್ನೊಂದು ಬಾಗಿಲು

ನಾರಾಯಣಮ್ಮ ಬಾಗಿಲಿಗೆ ಬಂದಳೆಂದರೆ ಅಳುವ ಮಗು ಬಾಯಿ ಮುಚ್ಚುತ್ತದೆ, ಬಾಯಿ ಬಿಗಿದುಕೊಂಡ ಮಗು ಬಾಯಿ ತೆರೆಯುತ್ತದೆ ಎಂದು ಆ ಬೀದಿಯವರು ಹೇಳುತ್ತಿದ್ದರು. ಇನ್ನೂ ಏನೇನೋ ಹೇಳುತ್ತಿದ್ದರು. ಅವಳು ಕೈ ಹಿಡಿದುಕೊಂಡರೆ ಸೂಜಿ ನೋಯುವುದಿಲ್ಲವಂತೆ. ಹೆರಿಗೆ ಆಸ್ಪತ್ರೆಯ ಡಾಕ್ಟರು ಮರೆತದ್ದನ್ನೂ ಅವಳು ಮರೆಯುವುದಿಲ್ಲವಂತೆ. ಚಾಮರಾಜಪೇಟೆಯ ದೊಡ್ಡ ರಸ್ತೆಗಳ ಬೆನ್ನಿಗೆ ಅಂಟಿಕೊಂಡಿರುವ ಆ ಬೀದಿಯಲ್ಲಿ ಮೂವತ್ತು ವರ್ಷದೊಳಗಿನ ಯಾರನ್ನಾದರೂ ನಿಲ್ಲಿಸಿ ಕೇಳಿ, ಅವರ ನಾಲಿಗೆಯ ಮೇಲೆ ಮೊದಲ ಪೋಲಿಯೋ ಹನಿ ಬಿಟ್ಟವಳು ಇವಳೇ.

ಕಾರ್ಪೊರೇಷನ್ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿ, ಆಯಾ ಆಗಿಯೇ ನಿವೃತ್ತಿಯಾದವಳು ನಾರಾಯಣಮ್ಮ. ಗಂಡ ಅಪ್ಪಯ್ಯ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ, ಒಂದು ಬೇಸಿಗೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮಗಳು ಹೇಮಶ್ರೀಯನ್ನು ಲಗ್ಗೆರೆಗೆ ಕೊಟ್ಟಾಗಿತ್ತು. ಮಾಜಿ ಕಾರ್ಪೊರೇಟರ್ ದೊಡ್ಡಬೈರಪ್ಪನ ವಠಾರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿ ಒಬ್ಬಳೇ ಇದ್ದಳು ಎನ್ನುವುದು ಸುಳ್ಳು. ಬೆಳಗಾದರೆ ಯಾರದೋ ಬಾಣಂತಿ, ಯಾರದೋ ಕಾಮಾಲೆ, ಯಾರದೋ ಆಧಾರ್ ಕಾರ್ಡು ಅವಳ ಬಾಗಿಲಲ್ಲಿ ಕೂತಿರುತ್ತಿದ್ದವು.

ಹೀಗಿರುವಾಗ ಒಂದು ದಿನ ಮಲ್ಲೇಶ್ವರದಿಂದ ಡಾಕ್ಟರ್ ಆಂಡಾಳ್ ಬಂದರು. ಮೂವತ್ತೈದು ದಾಟದ ಹೆಣ್ಣುಮಗಳು. ಮೆಟ್ರೋ ಇಳಿದು ಮಾರುಕಟ್ಟೆಯ ಹೂವಿನ ಕೆಸರು ತುಳಿದುಕೊಂಡು ಬಂದಿದ್ದ ಕಾಲನ್ನು ಹೊರಗೇ ತೊಳೆದು ಒಳಗೆ ಕಾಲಿಟ್ಟದ್ದು ನೋಡಿಯೇ ನಾರಾಯಣಮ್ಮನಿಗೆ ಅವರು ಹಿಡಿಸಿಬಿಟ್ಟರು.

ಸೊಳ್ಳೆ ಕಚ್ಚಿ ಬರುವ ಜ್ವರಕ್ಕೆ ಒಂದು ಹೊಸ ಲಸಿಕೆ ತಯಾರಾಗುತ್ತಿತ್ತು. ಕಂಪನಿ ಒಂದು, ಪರೀಕ್ಷೆ ನಡೆಸುವ ಖಾಸಗಿ ಆಸ್ಪತ್ರೆ ಇನ್ನೊಂದು. ಆ ಆಸ್ಪತ್ರೆಯ ಪರವಾಗಿ ಈ ಭಾಗದ ಜವಾಬ್ದಾರಿ ಆಂಡಾಳ್ ಅವರದು. ಹದಿನೆಂಟರಿಂದ ಐವತ್ತೈದರೊಳಗಿನ ಜನ ಬೇಕು. ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎನ್ನುವುದು ಮುಚ್ಚಿದ ಲಕೋಟೆಯಲ್ಲಿ ಇರುತ್ತದೆ. ಹಾಕಿಸಿಕೊಂಡವರಿಗೂ ಗೊತ್ತಿಲ್ಲ, ಹಾಕುವವರಿಗೂ ಗೊತ್ತಿಲ್ಲ.

"ಅಂಗಾದ್ರೆ ಲಾಟ್ರಿ ಅನ್ನು," ಎಂದಳು ಪಕ್ಕದ ಮನೆಯ ಮುನಿಯಕ್ಕ. ಎಪ್ಪತ್ತರ ಮುದುಕಿ, ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. "ನೀನು ಹಾಕಿಸ್ಕೊಂತೀಯೇನೆ ನಾರಾಯಣಿ?"

"ನನ್ನ ವಯಸ್ಸಿನೋರಿಗೆ ಬೇಡ ಅಂದ್ರು ಕಣಕ್ಕ."

"ಸರೀಗೇ ಹೇಳವ್ರೆ. ಗೊಡ್ಡು ಎಮ್ಮೆಗಳ ಮೇಲೆ ಔಷಧಿ ಯಾಕೆ ದಂಡ ಮಾಡ್ತಾರೆ."

ಎಲ್ಲರೂ ನಕ್ಕರು. ಆಂಡಾಳ್ ಕೂಡ ನಕ್ಕು, ಆಮೇಲೆ ನಾರಾಯಣಮ್ಮನ ಕೈಗೆ ಹಳದಿ ಕಾರ್ಡುಗಳ ಕಟ್ಟು ಕೊಟ್ಟರು. ವಾರಕ್ಕೊಂದು ಕಾರ್ಡು, ದಿನಕ್ಕೊಂದು ಗೆರೆ. ಜ್ವರ ಉಂಟೇ, ವಾಂತಿ ಉಂಟೇ, ಮೈಮೇಲೆ ಗುಳ್ಳೆ ಉಂಟೇ. ಹೌದು ಅಥವಾ ಇಲ್ಲ. ಕೆಳಗೆ ಬರೆದವರ ಸಹಿ.

"ನಾರಾಯಣಮ್ಮನೋರೇ, ಏನೇ ಆದ್ರೂ ಬರೀಬೇಕು," ಎಂದರು. "ನೆಗಡಿ ಆದ್ರೂ ಬರೀರಿ. ಲಸಿಕೆಯಿಂದ ಬಂತಾ, ಬೇರೆಯದರಿಂದ ಬಂತಾ ಅನ್ನೋ ತಲೆನೋವು ನನಗೆ ಬಿಡಿ. ನೀವು ನೋಡಿದ್ದನ್ನ ಬರೆದರೆ ಸಾಕು."

ಆ ಬೀದಿಯಿಂದ ನೂರ ನಲವತ್ತು ಜನ ತೋಳು ಕೊಟ್ಟರು. ಇಸ್ತ್ರಿ ಅಂಗಡಿಯ ಮುರುಗೇಶ ಕೊಟ್ಟ. ಮಾರುಕಟ್ಟೆಯಲ್ಲಿ ಹೂ ಕಟ್ಟುವ, ಮುನಿಯಕ್ಕನ ಸೊಸೆ ಶಿವಕುಮಾರಿ ಕೊಟ್ಟಳು. ಆಸ್ಪತ್ರೆಯವರು ಹಂಚಿದ ಇಪ್ಪತ್ತು ಪುಟದ ಕಾಗದವನ್ನು ಓದಿ ಕೊಟ್ಟವರು ಯಾರೂ ಇಲ್ಲ. "ನಾರಾಯಣಕ್ಕ ಹೇಳವ್ಳೆ," ಎಂದು ಕೊಟ್ಟರು. ದೊಡ್ಡಬೈರಪ್ಪ ಬೀದಿಯ ತುದಿಗೆ ತನ್ನ ಕೈಮುಗಿದ ಚಿತ್ರದ ಫ್ಲೆಕ್ಸ್ ಕಟ್ಟಿಸಿದ. ಕಾರ್ಪೊರೇಷನ್ ಚುನಾವಣೆ ಇವತ್ತು ಬರುತ್ತೆ ನಾಳೆ ಬರುತ್ತೆ ಎನ್ನುವ ಕಾಲ ಅದು.

ಮೂರನೆಯ ವಾರ ಮುರುಗೇಶನ ಬಾಗಿಲಿಗೆ ಬೇವಿನ ಸೊಪ್ಪು ಬಂತು.

ಬೇವು ಕಟ್ಟಿದರೆ ಆ ಬೀದಿಯಲ್ಲಿ ಯಾರೂ ಏನು ಎತ್ತ ಎಂದು ಕೇಳುವುದಿಲ್ಲ. ಮೈಮೇಲೆ ಗುಳ್ಳೆ ಎದ್ದಿವೆ, ಮನೆಗೆ ಅಮ್ಮ ಬಂದಿದ್ದಾಳೆ ಎಂದು ಅರ್ಥ. ಆ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬೇವಿನ ನೀರು ಹುಯ್ದು ಅಮ್ಮನನ್ನು ಕಳಿಸಿಕೊಡುವ ತನಕ ಅದನ್ನು ಬಾಯಲ್ಲಿ ಎತ್ತುವಂತಿಲ್ಲ, ಲೆಕ್ಕ ಹಾಕುವಂತಿಲ್ಲ. ಎತ್ತಿದರೆ ಮುನಿಯುತ್ತಾಳೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದ ನಾರಾಯಣಮ್ಮನಿಗೆ ಇದು ವೈರಸ್ ಎಂದು ಗೊತ್ತಿತ್ತು. ಅಮ್ಮ ಎಂದೂ ಗೊತ್ತಿತ್ತು. ಎರಡೂ ಅವಳೊಳಗೆ ಜಗಳವಿಲ್ಲದೆ ಇದ್ದವು. ಬೇಸಿಗೆ ಬೇರೆ, ಬೇಸಿಗೆಯಲ್ಲಿ ಬೇವು ಕಾಣದ ವರ್ಷವುಂಟೇ?

ಬೀದಿಯಲ್ಲೇ ನಿಂತು, "ಚೆನ್ನಾಗಿದಾನೇನಮ್ಮ ಮುರುಗೇಶ?" ಎಂದು ಅವನ ಹೆಂಡತಿಯನ್ನು ಕೇಳಿದಳು.

"ಚೆನ್ನಾಗವ್ರೆ ಅಕ್ಕ. ಮಂಗಳವಾರ ನೀರು."

ಮಂಗಳವಾರ ನೀರಾದ ಮೇಲೆ ಬರೆದರಾಯಿತು ಎಂದು ನಾರಾಯಣಮ್ಮ ಆ ಗೆರೆಗಳನ್ನು ಖಾಲಿ ಬಿಟ್ಟಳು. ಆದರೆ ಕಾರ್ಡು ತೆಗೆದುಕೊಂಡು ಹೋಗಲು ಶನಿವಾರವೇ ಲೋಹಿತ್ ಬಂದ. ಕಂಪನಿಯ ಕಡೆಯವನು, ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಟ್ಯಾಬ್.

"ಖಾಲಿ ಬಿಡ್ಬೇಡಿ ಅಮ್ಮಾ, ಇದು ಖಾಲಿ ತಗೊಳ್ಳಲ್ಲ."

"ಎರಡು ದಿನ ಬಿಟ್ಟು ಹೇಳ್ತೀನಪ್ಪ."

"ಎರಡು ದಿನ ಬಿಟ್ರೆ ವಾರ ಕ್ಲೋಸ್ ಆಗೋಗತ್ತೆ. ಇಲ್ಲ ಅಂತ ಹಾಕಿ. ಆಮೇಲೆ ಏನಾದ್ರೂ ಇದ್ರೆ ಸರಿ ಮಾಡೋಣ, ನಾನಿಲ್ವಾ?"

ಅವಳು 'ಇಲ್ಲ' ಎಂದು ಬರೆದು ಸಹಿ ಹಾಕಿದಳು. ಮಂಗಳವಾರ ಬಂತು, ನೀರಾಯಿತು, ಕಾರ್ಡು ಅಷ್ಟು ಹೊತ್ತಿಗೆ ಎಲ್ಲಿತ್ತೋ. ಮುಂದಿನ ಶನಿವಾರ ಬೇರೆ ಮೂರು ಬಾಗಿಲಿಗೆ ಬೇವಿತ್ತು. ಮತ್ತೆ 'ಇಲ್ಲ'. ಅದರ ಮುಂದಿನ ವಾರವೂ ಅಷ್ಟೇ.

ಆಮೇಲೆ ಮುನಿಯಕ್ಕನ ಬಾಗಿಲಿಗೆ ಬಂತು. ಮಲಗಿದವಳು ಶಿವಕುಮಾರಿ, ಆ ಶನಿವಾರದ ಕಾರ್ಡಿನಲ್ಲೂ 'ಇಲ್ಲ'.

ಐದನೆಯ ದಿನ ಬೆಳಿಗ್ಗೆ ನಾರಾಯಣಮ್ಮ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಾಗ ಮುನಿಯಕ್ಕ ಬಟ್ಟೆ ಹಿಂಡುತ್ತಿದ್ದಳು. ಹಿಂಡಿದ ನೀರು ಕೆಂಪಗಿತ್ತು.

"ಏನಕ್ಕ ಅದು?"

"ಏನಿಲ್ಲ. ಹಲ್ಲಿನ ಸಂದೀಲಿ ವಸಿ ರಕ್ತ. ನಾಳಿದ್ದು ನೀರು ಹುಯ್ತೀನಲ್ಲ, ಓಯ್ತದೆ."

ನಾರಾಯಣಮ್ಮ ಬಿಂದಿಗೆಯನ್ನು ಅಲ್ಲೇ ಬಿಟ್ಟು, ಹುಟ್ಟಿದಾಗಿನಿಂದ ದಾಟದ ಗೆರೆಯನ್ನು ದಾಟಿದಳು. ಬೇವಿನ ತೋರಣವನ್ನು ತಲೆಯಿಂದ ಸರಿಸಿಕೊಂಡು ಒಳಗೆ ನುಗ್ಗಿ ಶಿವಕುಮಾರಿಯನ್ನು ಎಬ್ಬಿಸಿದಾಗ ಹುಡುಗಿಯ ಕಣ್ಣು ನಿಲ್ಲುತ್ತಿರಲಿಲ್ಲ. ಮುನಿಯಕ್ಕ ಬೈದಳು, ಅತ್ತಳು, ಕಡೆಗೆ ಆಟೋದಲ್ಲಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾನೂ ಕೂತಳು.

ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಒಂಬತ್ತು ದಿನ. ಬದುಕಿದಳು. ಆದರೆ ಬೆರಳು ನಡುಗುವುದು ನಿಲ್ಲಲಿಲ್ಲ. ಮೊಳ ಹೂವನ್ನು ಮಾತಾಡುತ್ತಲೇ ಕಟ್ಟಿ ಎಸೆಯುತ್ತಿದ್ದವಳ ಕೈಯಲ್ಲಿ ಈಗ ದಾರವೇ ನಿಲ್ಲದು. "ಇತ್ತೀಚೆಗೆ ಇಂಜೆಕ್ಷನ್ ಏನಾದ್ರೂ ಹಾಕಿಸಿದ್ರಾ?" ಎಂದು ಅಲ್ಲಿನ ಡಾಕ್ಟರು ಕೇಳಿದಾಗ ಲಸಿಕೆಯ ವಿಷಯ ಹೇಳಿದವಳು ನಾರಾಯಣಮ್ಮನೇ. ಊರಿಗೆಲ್ಲ ಎದ್ದ ಗುಳ್ಳೆಯೇ ಶಿವಕುಮಾರಿಗೂ ಎದ್ದಿತ್ತೋ, ಬೇರೆಯದೋ, ನಾರಾಯಣಮ್ಮನಿಗೇನು ಗೊತ್ತು? ಗೊತ್ತು ಮಾಡಿಕೊಳ್ಳಬೇಕಾದವರಿಗೆ ಅವಳು 'ಇಲ್ಲ' ಎಂದು ಬರೆದುಕೊಟ್ಟಿದ್ದಳು.

ಅವತ್ತು ಮನೆಗೆ ಬಂದವಳು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದಳು. ಇಂಜೆಕ್ಷನ್ ಆದ ಮೇಲೆ ಬೇವು ಕಟ್ಟಿದ ಬಾಗಿಲುಗಳು ಹನ್ನೊಂದು. ಹನ್ನೊಂದರಲ್ಲೂ ಮಲಗಿದ್ದವರು ತೋಳು ಕೊಟ್ಟವರೇ. ಹೆಸರು, ದಿನ, ಎಷ್ಟು ದಿನ ಜ್ವರ, ಯಾವತ್ತು ನೀರು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮೆಟ್ರೋ ಹತ್ತಿ ಮಲ್ಲೇಶ್ವರಕ್ಕೆ ಹೋದಳು.

ಆಂಡಾಳ್ ಓದುತ್ತ ಓದುತ್ತ ಎದುರಿಗಿದ್ದ ಕಾಫಿಯನ್ನು ಮರೆತರು.

"ಯಾಕೆ ಆಗಲೇ ಬರೀಲಿಲ್ಲ?"

ನಾರಾಯಣಮ್ಮ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

ಆಂಡಾಳ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತಪ್ಪು ನಂದೂ ಇದೆ," ಎಂದರು. "ನಮ್ಮ ಅಜ್ಜಿ ಮನೇಲೂ ಬೇವು ಕಟ್ತಿದ್ರು. ನಿಮ್ಮನ್ನ ಕೇಳ್ಬೇಕು ಅಂತ ನನಗೆ ಹೊಳೀಲಿಲ್ಲ. ಈಗ ಮಾಡ್ಬೇಕಾದ್ದು ಒಂದೇ. ಈ ಹನ್ನೊಂದು ಜನರ ಲಕೋಟೆ ಒಡೆದು ನೋಡ್ಬೇಕು. ಅರ್ಧ ಜನಕ್ಕೆ ಉಪ್ಪುನೀರು ಹೋಗಿದ್ರೆ ಇದು ಬೇಸಿಗೆಯ ಗುಳ್ಳೆ, ಲಸಿಕೆಯ ತಪ್ಪಿಲ್ಲ. ಹನ್ನೊಂದೂ ಜನಕ್ಕೆ ಲಸಿಕೆಯೇ ಹೋಗಿದ್ರೆ, ಎಲ್ಲಾ ನಿಲ್ಲಿಸಿ ಕೂತು ಯೋಚಿಸ್ಬೇಕು."

"ಒಡೆಯೋಕೆ ಎಷ್ಟೊತ್ತು ಬೇಕು ಡಾಕ್ಟ್ರಮ್ಮ?"

"ಅರ್ಧ ಗಂಟೆ."

ಆ ಅರ್ಧ ಗಂಟೆ ಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಮಂತ್ರಿಗಳು 'ನಮ್ಮ ನಾಡಿನದೇ ಲಸಿಕೆ' ಎಂದು ಘೋಷಿಸುವುದು ಗೊತ್ತಾಗಿತ್ತು. ಅದೇ ತಿಂಗಳು ಕಂಪನಿ ಷೇರು ಪೇಟೆಗೆ ಇಳಿಯುವುದೂ ಗೊತ್ತಾಗಿತ್ತು. ಪರೀಕ್ಷೆ ಮುಗಿಯುವ ಮೊದಲೇ ಸರ್ಕಾರ ಇಷ್ಟು ಲಕ್ಷ ಡೋಸು ಕೊಳ್ಳುತ್ತೇವೆಂದು ಮಾತು ಕೊಟ್ಟಾಗಿತ್ತು. ಲಕೋಟೆಯೊಳಗೆ ಏನಿದೆ ಎಂದು ಹೆದರಿದವರಿಗಿಂತ, ಒಡೆದರೆ ದಿನ ತಪ್ಪುತ್ತದೆ ಎಂದು ಹೆದರಿದವರೇ ಹೆಚ್ಚು.

ಆದರೂ ಆಂಡಾಳ್ ಬಿಡದೆ ಬರೆದರು. ಕಡೆಗೊಂದು ಸಮಿತಿ ಕೂತಿತು. ಚಳಿ ಹುಟ್ಟಿಸುವ ಕೋಣೆ, ಉದ್ದನೆಯ ಮೇಜು, ಐದು ಜನ ದೊಡ್ಡವರು, ಮೂಲೆಯಲ್ಲಿ ಲೋಹಿತ್. ನಾರಾಯಣಮ್ಮ ಸೆರಗು ಹೊದ್ದು ನಿಂತಳು. ಕೂರಿ ಎಂದರೂ ಕೂರಲಿಲ್ಲ.

"ಈ ಸಹಿ ನಿಮ್ಮದೇನಮ್ಮ?"

"ಹೌದು ಸ್ವಾಮಿ."

"ಇಲ್ಲಿ 'ಇಲ್ಲ' ಅಂತ ಬರೆದಿದ್ದೀರ. ಈಗ 'ಹೌದು' ಅಂತಿದ್ದೀರ. ಯಾವಾಗ ಸುಳ್ಳು ಹೇಳಿದ್ರಿ, ಆಗಲೋ ಈಗಲೋ?"

"ಆಗ ಸ್ವಾಮಿ. ಅಮ್ಮ ಮನೇಲಿದ್ಲು. ನೀರು ಹುಯ್ಯೋಗಂಟ ಎತ್ತಬಾರದು. ಆಮೇಲೆ ಬರೆಯೋಣ ಅಂತಿದ್ದೆ. ಆ ಅಪ್ಪ ಖಾಲಿ ಬಿಡಬೇಡ ಅಂದ, ಆಮೇಲೆ ಸರಿ ಮಾಡೋಣ ಅಂದ."

"ನಾನು ಸರಿಯಾಗಿ ತುಂಬಿಸಿ ಅಂದೆ ಸರ್, ಅಷ್ಟೇ," ಎಂದ ಲೋಹಿತ್.

ಒಬ್ಬರು ನಕ್ಕರು. ಇನ್ನೊಬ್ಬರು ಹಿರಿಯರು, ಹಣೆಯಲ್ಲಿ ವಿಭೂತಿ, ಅವರ ಬಾಲ್ಯದ ಬಾಗಿಲಲ್ಲೂ ಬೇವು ತೂಗಿರಲೇಬೇಕು. ಅವರು ತಲೆ ಬಗ್ಗಿಸಿ ಫೈಲು ನೋಡಿದರು.

"ನನ್ನ ಮೇಲೆ ಏನಾದ್ರೂ ಬರಕೊಳ್ಳಿ ಸ್ವಾಮಿ," ಎಂದಳು ನಾರಾಯಣಮ್ಮ. "ಆ ಹನ್ನೊಂದು ಲಕೋಟೆ ಒಂದು ಒಡೆದು ನೋಡ್ಬಿಡಿ."

"ಆಯ್ತಮ್ಮ, ನೀವಿನ್ನು ಹೊರಡಿ."

ವಾರದ ಮೇಲೆ ತೀರ್ಮಾನ ಬಂತು. ಅದನ್ನು ಹೇಳಲು ಆಂಡಾಳ್ ತಾವೇ ಬಂದು, ವಠಾರದ ಮೆಟ್ಟಿಲ ಮೇಲೆ ಕೂತರು. ಕಾರ್ಡು ತುಂಬಿದ ಹೆಂಗಸು ನಂಬಿಕೆಗೆ ಅರ್ಹಳಲ್ಲ. ಆದ್ದರಿಂದ ಅವಳು ತುಂಬಿದ ಯಾವ ಕಾರ್ಡನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆ ಬೀದಿಯ ನೂರ ನಲವತ್ತು ಜನರನ್ನೂ ಅಧ್ಯಯನದಿಂದ ಕೈಬಿಡಲಾಗಿದೆ.

"ಹಾಗಂದ್ರೆ?"

"ಹನ್ನೊಂದು ಜನರನ್ನ ಮಾತ್ರ ಅಳಿಸೋಕೆ ಬರಲ್ಲ ನಾರಾಯಣಮ್ಮನೋರೇ. ಅದಕ್ಕೆ ಕಾನೂನು ಇದೆ. ಅದಕ್ಕೇ ನೂರ ನಲವತ್ತನ್ನೂ ಅಳಿಸಿದ್ರು. ಅದಕ್ಕೂ ಒಂದು ಕಾನೂನು ಇದೆ."

"ಲಕೋಟೆ?"

"ಲೆಕ್ಕದಲ್ಲೇ ಇಲ್ಲದೋರ ಲಕೋಟೆ ಯಾಕೆ ಒಡೀಬೇಕು ಅಂತಾರೆ."

ಆಂಡಾಳ್ ಮೇಲಿನವರಿಗೆ ಇನ್ನೊಂದು ದೂರು ಬರೆದರು. ಎರಡು ತಿಂಗಳಿಗೆ ಅವರ ಗುತ್ತಿಗೆಯೇ ಮುಗಿಯಿತು, ಯಾರೂ ಮುಂದುವರಿಸಲಿಲ್ಲ. ರಾಜ್ಯೋತ್ಸವದ ದಿನ ಮಂತ್ರಿಗಳು ಹಳದಿ ಕೆಂಪು ಶಾಲು ಹೊದ್ದು, ಸಾವಿರಾರು ಜನರಲ್ಲಿ ಒಬ್ಬರಿಗೂ ಗಂಭೀರ ತೊಂದರೆಯಾಗಿಲ್ಲ ಎಂದು ಹೇಳಿದರು. ಅವರು ಹೇಳಿದ್ದು ಸುಳ್ಳಲ್ಲ. ಅವರ ಕೈಗೆ ಕೊಟ್ಟ ಕಾಗದದಲ್ಲಿ ಶಿವಕುಮಾರಿ ಎನ್ನುವವಳು ಇರಲೇ ಇಲ್ಲ.

ಕಥೆ ಇಲ್ಲಿಗೇ ನಿಂತಿದ್ದರೆ ನಾರಾಯಣಮ್ಮನ ಬೀದಿಯಾದರೂ ಅವಳಿಗೆ ಉಳಿಯುತ್ತಿತ್ತು. ಆದರೆ ವಿರೋಧ ಪಕ್ಷದವರಿಗೆ ವಾಸನೆ ಹತ್ತಿತು. ಕ್ಯಾಮೆರಾ ಹಿಡಿದುಕೊಂಡು ಬಂದೇಬಿಟ್ಟರು.

"ಹೇಳಿ ಅಮ್ಮಾ, ಲಸಿಕೆ ಹೆಸರಲ್ಲಿ ಬಡವರಿಗೆ ವಿಷ ಹಾಕಿದ್ರು ಅಂತ ಧೈರ್ಯವಾಗಿ ಹೇಳಿ. ನಾವಿದೀವಿ."

"ವಿಷ ಅಂತ ನಾನ್ಯಾಕೆ ಹೇಳ್ಲಿ? ನನಗೆ ಗೊತ್ತಿಲ್ಲವಲ್ಲ. ಹನ್ನೊಂದು ಜನಕ್ಕೆ ಗುಳ್ಳೆ ಬಂತು, ಒಬ್ಬಳು ಸಾಯೋ ಹಂಗಾದ್ಲು. ಅದು ಲಸಿಕೆಯಿಂದಲೋ ಅಲ್ಲವೋ ನೋಡಿ ಅಂತ ಕೇಳ್ತಿದೀನಿ. ಲಸಿಕೆ ಇಲ್ದಿದ್ರೆ ಈ ಬೀದೀಲಿ ಎಷ್ಟು ಮಕ್ಕಳು ಕುಂಟ್ತಿದ್ವು ಗೊತ್ತಾ ನಿಮಗೆ?"

ಅವರು ತಲೆಯಾಡಿಸಿ, ಕೈ ಮುಗಿದು ಹೋದರು. ಸಂಜೆಯ ಹೊತ್ತಿಗೆ ಎಲ್ಲರ ಫೋನಿನಲ್ಲೂ ನಾರಾಯಣಮ್ಮ ಬಂದಿದ್ದಳು. "ಹನ್ನೊಂದು ಜನಕ್ಕೆ ಗುಳ್ಳೆ ಬಂತು, ಒಬ್ಬಳು ಸಾಯೋ ಹಂಗಾದ್ಲು." ಅಷ್ಟೇ. ಮೇಲೆ ಕೆಂಪು ಅಕ್ಷರದಲ್ಲಿ ವಿಷ ಎಂದಿತ್ತು, ಹಿಂದೆ ಎದೆ ನಡುಗಿಸುವ ಸಂಗೀತ.

ಮುಂದಿನ ವಾರ ದಡಾರದ ಚುಚ್ಚುಮದ್ದಿನ ಪಟ್ಟಿ ಹಿಡಿದುಕೊಂಡು ಆಶಾ ಕಾರ್ಯಕರ್ತೆ ಬೀದಿಗೆ ಬಂದರೆ ಒಂದೊಂದೇ ಬಾಗಿಲು ಹಾಕಿಕೊಂಡವು. ಸುದ್ದಿ ತಿಳಿದು ನಾರಾಯಣಮ್ಮ ಓಡಿದಳು. ಕೂಸು ಎತ್ತಿಕೊಂಡು ನಿಂತಿದ್ದ ಮುರುಗೇಶನ ಹೆಂಡತಿಯ ಕೈ ಹಿಡಿದಳು.

"ಇದು ಹಳೇದು ಕಣಮ್ಮ. ನಲವತ್ತು ವರ್ಷದಿಂದ ಹಾಕ್ತಾವ್ರೆ. ನಿನಗೂ ನಾನೇ ಎತ್ಕೊಂಡು ಹೋಗಿ ಹಾಕಿಸಿದೀನಿ. ಮಗೂನ ಕೊಡು."

ಅವಳು ಕೈ ಬಿಡಿಸಿಕೊಂಡಳು. "ಅವತ್ತೂ ಇಂಗೇ ಹೇಳಿದ್ರಿ ಅಕ್ಕ. ಅವತ್ತು ಏನೂ ಆಗಲ್ಲ ಅಂದ್ರಿ, ಆಮೇಲೆ ಆಯ್ತು ಅಂದ್ರಿ, ಈಗ ಆಗಲ್ಲ ಅಂತೀರಿ. ಕಂಪ್ನಿಯೋರು ಏನು ಕೊಟ್ರು, ಪಾರ್ಟಿಯೋರು ಏನು ಕೊಟ್ರು, ನಮಗ್ಯಾಕೆ. ನನ್ನ ಮಗು ತಂಟೆಗೆ ಬರಬ್ಯಾಡಿ."

ಬಾಗಿಲು ಮುಚ್ಚಿತು. ಆ ಬಾಗಿಲಿನ ಮುಂದಿನಿಂದ ನಾರಾಯಣಮ್ಮನನ್ನು ಆಶಾ ಕಾರ್ಯಕರ್ತೆಯೇ ತೋಳು ಹಿಡಿದು ಕರೆದೊಯ್ದಳು. ಕ್ಯಾಮೆರಾದವರು ಮತ್ತೆ ಬರಲಿಲ್ಲ. ಅವರ ನಾಯಕರಿಗೂ ಆ ಕಂಪನಿಗೂ ಏನೋ ಮಾತಾಯಿತಂತೆ, ಬೀದಿಯಲ್ಲಿ ಹಾಗೆ ಹೇಳಿಕೊಂಡರು. ನಿಜವೋ ಸುಳ್ಳೋ, ಅದರ ಲಕೋಟೆಯನ್ನು ಒಡೆಯುವವರು ಯಾರು?

ಯುಗಾದಿ ಕಳೆದ ಮೇಲೆ ದೊಡ್ಡಬೈರಪ್ಪ ಅವಳನ್ನು ಕರೆಸಿದ. ಮೇಜಿನ ಮೇಲೆ ಟೈಪಾದ ಒಂದು ಹಾಳೆ ಇತ್ತು.

"ಬಾ ನಾರಾಯಣಮ್ಮ, ಕೂತ್ಕೊ. ಎಲ್ಲಾ ಮುಗಿದೋಯ್ತಲ್ಲ, ಇದೊಂದು ಉಳ್ಕೊಂಡೈತೆ. ಬೀದಿಗೆ ಒಂದು ಕ್ಲಿನಿಕ್ ಮಾಡ್ಕೊಡ್ತೀವಿ ಅಂತ ಕಂಪ್ನಿಯೋರು ಒಪ್ಪವ್ರೆ. ನನ್ನ ಟಿಕೆಟ್ಟಿಗೂ ಒಳ್ಳೇದು, ನಿಮ್ಮ ಜನಕ್ಕೂ ಒಳ್ಳೇದು. ನೀನು ವಯಸ್ಸಾದೋಳು, ನೆನಪಿಲ್ದೆ ಹನ್ನೊಂದು ಅಂತ ಬರೆದೆ ಅಂತ ಇದಕ್ಕೊಂದು ಸಹಿ ಹಾಕ್ಬಿಡು."

"ಸಹಿ ಹಾಕಿದ್ರೆ ಲಕೋಟೆ ಒಡೀತಾರಾ ಅಣ್ಣ?"

"ಯಾವ ಲಕೋಟೆನಮ್ಮ?" ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.

"ಹನ್ನೊಂದು ಸಲ ಸುಳ್ಳು ಸಹಿ ಹಾಕಿದೀನಿ ಅಣ್ಣ. ಅದನ್ನೇ ಹೊತ್ಕೊಂಡು ಓಡಾಡ್ತಿದೀನಿ. ಹನ್ನೆರಡನೇದು ನನ್ನ ಕೈಲಿ ಆಗಲ್ಲ."

ದೊಡ್ಡಬೈರಪ್ಪ ಕೋಪ ಮಾಡಿಕೊಳ್ಳಲಿಲ್ಲ. ಕನ್ನಡಕ ತೆಗೆದು ಒರೆಸಿದ. "ವಠಾರ ಬೀಳಿಸಬೇಕು ಅಂತಿದ್ದೆ. ನಿನ್ನ ಮುಖ ನೋಡ್ಕೊಂಡು ಸುಮ್ನಿದ್ದೆ. ತಿಂಗಳ ಕೊನೆಗೆ ಖಾಲಿ ಮಾಡ್ಬಿಡಮ್ಮ." ಮಿಕ್ಕ ಐದು ಮನೆಯವರಿಗೆ ಆ ಮಾತು ಹೇಳಿ ಕಳಿಸಲಿಲ್ಲ.

ತಿಂಗಳ ಕೊನೆಯ ಭಾನುವಾರ ಹೇಮಶ್ರೀ ಲಗೇಜ್ ಆಟೋ ಮಾಡಿಕೊಂಡು ಬಂದಳು. ಸಾಮಾನು ಎಷ್ಟಿದ್ದೀತು? ಒಂದು ಬೀರು, ಒಂದು ಮಂಚ, ಪಾತ್ರೆಯ ಎರಡು ಚೀಲ. ಬೀದಿಯವರು ಕಿಟಕಿಯಲ್ಲಿ ನೋಡಿದರು. ಮುನಿಯಕ್ಕ ಮಾತ್ರ ಗೋಡೆ ಹಿಡಿದುಕೊಂಡು ಬಂದಳು.

"ನೀನು ಅವತ್ತೇ ಬರೆದಿದ್ರೆ ನನ್ನ ಸೊಸೆ ಬೆರಳು ನೆಟ್ಟಗಿರ್ತಿತ್ತು."

"ಹೂಂ ಅಕ್ಕ."

"ಬಾಯ್ಮಾತಿಗೂ ಇಲ್ಲ ಅನ್ನಲ್ಲ ನೋಡು, ಮುಂಡೇದು." ಮುದುಕಿ ಸೆರಗಿನಿಂದ ಮೂಗೊರೆಸಿಕೊಂಡಳು. "ಆಮೇಲೆ ನೀನು ಒಳಕ್ಕೆ ನುಗ್ಗದೇ ಇದ್ದಿದ್ರೆ ಸೊಸೇನೇ ಇರ್ತಿರ್ಲಿಲ್ಲ. ಅದೂ ಗೊತ್ತು ನನಗೆ. ಬೈಯೋಕೂ ಬಿಡಲ್ಲ ನೀನು, ಹೊಗಳೋಕೂ ಬಿಡಲ್ಲ. ಒಂದು ಸಹಿ ಹಾಕಿ ಬಿದ್ದಿರೋಕೆ ಏನಾಗಿತ್ತೇ ನಿನಗೆ?"

ನಾರಾಯಣಮ್ಮ ಒಳಗೆ ಹೋಗಿ ಖಾಲಿ ಕೋಣೆಗಳನ್ನು ಗುಡಿಸಿದಳು. ಬೀಳಿಸುವ ಮನೆಯನ್ನು ಯಾಕಮ್ಮ ಗುಡಿಸ್ತೀಯಾ ಎಂದು ಹೇಮಶ್ರೀ ರೇಗಿದಳು. ಗುಡಿಸಿ, ಬಾಗಿಲೆಳೆದು, ಬೀಗ ಹಾಕಿ, ಬೀಗದ ಕೈಯನ್ನು ದೊಡ್ಡಬೈರಪ್ಪನ ಕಡೆಯವನಿಗೆ ಕೊಟ್ಟಳು.

ಅಷ್ಟರಲ್ಲಿ ಶಿವಕುಮಾರಿ ಹೊರಗೆ ಬಂದಳು. ನಡುಗುವ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.

"ನಾರಾಯಣತ್ತೆ, ಒಂದು ಕೇಳ್ಲಾ?"

"ಕೇಳು ಕಂದ."

"ನನಗೆ ಹಾಕಿದ್ದು ಔಷಧಿನಾ, ಉಪ್ಪುನೀರಾ?"

"ಗೊತ್ತಿಲ್ಲವ್ವ."

"ಯಾರನ್ನ ಕೇಳಿದ್ರೆ ಗೊತ್ತಾಗ್ತದೆ?"

ನಾರಾಯಣಮ್ಮ ಬಾಯಿ ತೆರೆದಳು. ಮೂವತ್ತು ವರ್ಷ ಆ ಬೀದಿಯವರು ಕೇಳಿದ್ದಕ್ಕೆಲ್ಲ, ಅಲ್ಲಿ ಹೋಗು, ಇವರನ್ನು ನೋಡು, ಈ ಚೀಟಿ ತೋರಿಸು ಎಂದು ದಾರಿ ಹೇಳಿಕೊಟ್ಟವಳು. ಇದಕ್ಕೆ ಹೇಳಲು ಒಂದು ಹೆಸರೂ ಬಾಯಿಗೆ ಬರಲಿಲ್ಲ. ಹುಡುಗಿಯ ತಲೆಯ ಮೇಲೊಮ್ಮೆ ಕೈಯಿಟ್ಟು, ಮೆಟ್ಟಿಲಿಳಿದು, ಆಟೋದ ಹಿಂದೆ ಪಾತ್ರೆ ಚೀಲಗಳ ನಡುವೆ ಜಾಗ ಮಾಡಿಕೊಂಡು ಕೂತಳು.

"ಹೊರಡಪ್ಪ," ಎಂದಳು.